ಹಳ್ಳ ಬರುವ ಹೊತ್ತಿಗೆ ನಾನು ಮಾಡಿದ ಪ್ರಾರ್ಥನೆ

2005ನೆಯ ಇಸವಿಯ ಮಳೆಗಾಲ. ಹೆಸರುಕಾಳಿನ ರಾಶಿ ಮುಗಿಯುತ್ತ ಬಂದಿತ್ತು. ನಾನಾಗ ರೋಣದಲ್ಲಿದ್ದೆ, ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು 'ಅಕ್ಕಾರ' ಎಂದು ಕರೆಯುತ್ತಾರೆ. ಮಕ್ಕಳಷ್ಟೇ ಅಲ್ಲ, ಮಕ್ಕಳ ಅಜ್ಜಂದಿರೂ ಹಾಗೇ ಕರೆಯುತ್ತಾರೆ. ಆ ಮರ್ಯಾದೆ ನನಗೆ ಚಿಕ್ಕ ವಯಸ್ಸಿನಲ್ಲೇ ಸಿಕ್ಕಿತ್ತು. ಅದರ ಮೇಲೆ ಇನ್ನೊಂದು ಮರ್ಯಾದೆಯೂ ಸೇರಿಕೊಂಡಿತ್ತು. ಅದು ನನ್ನ ಪ್ರಾರ್ಥನೆಯದು.

ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ. ನನ್ನ ಅಜ್ಜಿ ಊರೂರು ತಿರುಗಿ ಹೆಂಗಸರಿಗೆ ಸುವಾರ್ತೆ ಹೇಳುತ್ತಿದ್ದವಳು. ಕೈಯಲ್ಲೊಂದು ಕರಿ ಕೊಡೆ, ಹೆಗಲಿಗೊಂದು ಚೀಲ, ಎರೆಹೊಲದ ಹಾದಿಯಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು ನಡೆಯುತ್ತಿದ್ದ ಹೆಂಗಸು. ನಾನು ಮಾತು ಕಲಿತದ್ದು ಅವಳ ಮಗ್ಗುಲಲ್ಲಿ ಮಲಗಿ. ದೇವರ ಜೊತೆ ಮಾತಾಡುವಾಗ ಅವಳ ಬಾಯಲ್ಲಿ ಬರುತ್ತಿದ್ದ ಕನ್ನಡವೇ ಬೇರೆ. ಆಕಾಶ, ಭೂಮಿ, ಗುಬ್ಬಿ, ಕುರಿ, ಬಾವಿ ಎಲ್ಲವೂ ಅದರೊಳಗೆ ಬಂದು ಹೋಗುತ್ತಿದ್ದವು. ಅದನ್ನೆಲ್ಲ ನಾನು ಕೇಳಿ ಕೇಳಿ ಹೀರಿಕೊಂಡೆ. ಅದರ ಮೇಲೆ ಶಾಲೆಯಲ್ಲಿ ಕಲಿತ ಕನ್ನಡವನ್ನೂ ಬಳಿದೆ.

ಹೀಗಾಗಿ ನಮ್ಮ ಸಭೆಯಲ್ಲಿ ಪ್ರಾರ್ಥನೆ ಎಂದರೆ ನಾನು. ಗಜೇಂದ್ರಗಡದಲ್ಲಿ ಮದುವೆಯಾದರೂ ನರಗುಂದದಲ್ಲಿ ಯಾರಾದರೂ ತೀರಿಕೊಂಡರೂ ಕರೆ ಬರುತ್ತಿತ್ತು. "ಅಕ್ಕಾರ ಬಂದು ಒಂದು ಪ್ರಾರ್ಥನಿ ಮಾಡಿದ್ರ ಸಾಕ್ರಿ, ಮನಿ ತುಂಬಿದಂಗ ಆಗತೈತಿ" ಎನ್ನುತ್ತಿದ್ದರು. ನಾನೂ ಹೋಗಿ ನಿಂತು ಶುರು ಮಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿದವಳಿಗೆ ಅದು ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಿಜ ಹೇಳುತ್ತೇನೆ, ನಾನು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

ನನ್ನ ಯಜಮಾನರಿಗೆ ಮಾತ್ರ ಇದೊಂದು ಚೇಷ್ಟೆಯ ವಿಷಯ. ಊಟಕ್ಕೆ ಕೂತಾಗ ನಾನು ಕೈ ಜೋಡಿಸಿದರೆ ಸಾಕು, "ಇವತ್ತ ಲೋಕ ಹುಟ್ಟಿದಾಗಿಂದ ಸುರು ಮಾಡಬ್ಯಾಡ ಮಾರಾಯ್ತಿ. ಆ ಸಾರ ಹುಟ್ಟಿದಾಗಿಂದ ಸುರು ಮಾಡು, ಆರಾಕತ್ತೈತಿ" ಎನ್ನುತ್ತಿದ್ದರು. ಮಕ್ಕಳು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ದೇವರ ವಿಷಯದಲ್ಲಿ ಹುಡುಗಾಟವೇ ಎಂದು ರೇಗುತ್ತಿದ್ದೆ. ಅವರು ನಗಾಡಿದ್ದು ದೇವರನ್ನಲ್ಲ, ನನ್ನನ್ನು ಎಂಬುದು ಆಗ ಹೊಳೆಯಲಿಲ್ಲ.

ತಿಂಗಳಿಗೊಮ್ಮೆ ನಮ್ಮ ಸ್ತ್ರೀಯರ ಕೂಟ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿತ್ತು. ಆ ಸಲ ಯಾವಗಲ್ ಊರಿನ ಆಚೆ, ಹಳ್ಳ ದಾಟಿ ಹೋಗಬೇಕಾದ ಒಂದು ಸಣ್ಣ ಊರಿನಲ್ಲಿ, ಮರಿಯವ್ವನ ಮನೆಯಲ್ಲಿ ಇತ್ತು. ಮರಿಯವ್ವ ಕೂಲಿ ಮಾಡಿ ಮಗಳನ್ನು ಬೆಳೆಸಿದ ವಿಧವೆ. ಮಗಳು ಎಸ್ತರ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡ ಹುಬ್ಬಳ್ಳಿಯಲ್ಲಿ ಗಾರೆ ಕೆಲಸದಲ್ಲಿದ್ದ. "ಕೂಟ ನಮ್ಮನ್ಯಾಗ ಆದ್ರ ಹುಡುಗಿಗೂ ನಾಕ ಮಂದಿ ಪ್ರಾರ್ಥನಿ ಸಿಗತೈತಿ" ಎಂದು ಮರಿಯವ್ವನೇ ಆಸೆಪಟ್ಟು ಕರೆದಿದ್ದಳು.

ಆ ಕೂಟಕ್ಕೆ ಧಾರವಾಡದಿಂದ ಒಬ್ಬರು ಅತಿಥಿ ಬರುವವರಿದ್ದರು. ಹೆಂಗಸರ ಕೂಟಗಳನ್ನೆಲ್ಲ ನೋಡಿಕೊಳ್ಳುವ ಹಿರಿಯರು, ನಾವು ಅವರನ್ನು ದೊಡ್ಡಮ್ಮನವರು ಎನ್ನುತ್ತಿದ್ದೆವು. ಗದಗಿನಲ್ಲಿ ಎಲ್ಲ ಊರಿನ ಹೆಂಗಸರು ಸೇರುವ ವಾರ್ಷಿಕ ಸಮಾವೇಶದಲ್ಲಿ ಆರಂಭದ ಪ್ರಾರ್ಥನೆ ಯಾರು ಮಾಡಬೇಕೆಂದು ಅವರೇ ಗೊತ್ತುಮಾಡುವವರು. ಆ ವೇದಿಕೆಯ ಮೇಲೆ, ಮೈಕಿನ ಮುಂದೆ ನಿಲ್ಲಬೇಕೆಂಬ ಆಸೆ ನನಗೆ ಎಷ್ಟೋ ವರ್ಷದ್ದು. ರೋಣದಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಹಣೆ ಹಚ್ಚಿ ತುಟಿಯೊಳಗೇ ನನ್ನ ಪ್ರಾರ್ಥನೆಯನ್ನು ಒಂದು ಸಲ ಹೇಳಿ ನೋಡಿಕೊಂಡೆ. ನಡುವೆ ಒಂದು ಕಡೆ ದನಿ ಸಣ್ಣದು ಮಾಡಬೇಕು, ಆಮೇಲೆ ಏರಿಸಬೇಕು ಎಂಬುದನ್ನೂ ಗುರುತು ಹಾಕಿಕೊಂಡೆ. ಬರೆಯುವಾಗ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಹೋಗುವಾಗ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಸೀರೆ ಕೂಡ ಎತ್ತಿ ಹಿಡಿಯದೆ ಕಲ್ಲಿನ ಮೇಲೆ ಕಾಲಿಟ್ಟು ದಾಟಿದೆವು. ಆಕಾಶ ಬೆಳ್ಳಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು.

ಮರಿಯವ್ವ ಅಂಗಳ ಸಾರಿಸಿ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದಳು. ದೊಡ್ಡಮ್ಮನವರಿಗೆ ಪಕ್ಕದ ಮನೆಯಿಂದ ಒಂದು ಖುರ್ಚಿ ತಂದಿಟ್ಟಿದ್ದಳು. ಆ ಪಕ್ಕದ ಮನೆ ಮಾಬೂಸಾಬರದು. ನಾಲ್ಕೆಕರೆ ಹೊಲ, ಒಂದು ಹಳೆಯ ಟ್ರ್ಯಾಕ್ಟರು. ಬೆಳ್ಳಿ ಗಡ್ಡ, ಬಾಯಿ ತುಂಬ ಮಾತು. ಖುರ್ಚಿ ಇಡಲು ಬಂದವರು ನನ್ನನ್ನು ನೋಡಿ, "ಬರ್ರಿ ಅಕ್ಕಾರ. ಮರಿಯವ್ವ ಎರಡ ದಿನದಿಂದ ನಿಮ್ಮ ಹೆಸರ ಜಪಾ ಮಾಡಾಕತ್ಯಾಳ. ಮಂದಿ ಮುಂದ ಅಕ್ಕಾರ ಬರ್ತಾರ, ಅಕ್ಕಾರ ಬರ್ತಾರ ಅಂತಾಳ. ನಾ ಅಂದೆ, ಯಾರರ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರಾಕತ್ಯಾರೇನೋ ಅಂತ" ಎಂದು ನಕ್ಕರು.

ಎರಡು ಹಾಡು ಮುಗಿದವು. ದೊಡ್ಡಮ್ಮನವರು ಸಣ್ಣ ಉಪದೇಶ ಕೊಟ್ಟರು. ಇನ್ನೇನು ನನ್ನ ಸರದಿ ಎನ್ನುವಾಗ ಒಳಗಿನ ಕೋಣೆಯಿಂದ ಎಸ್ತರ "ಯವ್ವಾ" ಎಂದಳು. ಕೂಗಿದ ರೀತಿಯಲ್ಲೇ ಗೊತ್ತಾಯಿತು. ಮರಿಯವ್ವ ಎದ್ದು ಓಡಿದಳು. ಯಾರೋ ಹೋಗಿ ಊರ ಸೂಲಗಿತ್ತಿ ಅಜ್ಜಿಯನ್ನು ಕರೆತಂದರು. ಅಜ್ಜಿ ಒಳಗೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದಳು.

"ಕಾಲು ಮೊದಲ ಬರಾಕತ್ತಾವ. ಚೊಚ್ಚಲ ಐತಿ, ನನ್ನ ಕೈಲೆ ಇದು ಬ್ಯಾಡ. ರೋಣದ ದವಾಖಾನಿಗೆ ಒಯ್ಯರಿ, ಲಗೂ ಒಯ್ಯರಿ" ಎಂದಳು.

ಫೋನು ಮಾಡಿದರೆ ಬಾಗಿಲಿಗೆ ಬರುವ ಗಾಡಿಗಳು ಆಗ ನಮ್ಮ ಕಡೆ ಇನ್ನೂ ಇರಲಿಲ್ಲ. ಮಾಬೂಸಾಬರು ಯಾರೂ ಕೇಳುವ ಮೊದಲೇ ಟ್ರ್ಯಾಕ್ಟರು ತಂದು ಮರಿಯವ್ವನ ಅಂಗಳದ ಮುಂದೆ ನಿಲ್ಲಿಸಿದರು. ಹಿಂದಿನ ಟ್ರೇಲರಿನಲ್ಲಿ ಹೊಟ್ಟು ಹರಡಿ, ಮೇಲೆ ತಮ್ಮ ಮನೆಯ ಎರಡು ಕೌದಿ ಹಾಸಿದರು. ನಾವೆಲ್ಲ ಸೇರಿ ಎಸ್ತರಳನ್ನು ಎತ್ತಿ ಮಲಗಿಸಿದೆವು. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಮಾಬೂಸಾಬರು ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು. "ಮ್ಯಾಲಿನ ಕಡೆ ರಾತ್ರಿ ಮಳಿ ಜೋರ ಆಗೇತಂತ. ಬಸ್ಸಿನವ್ರು ಹೇಳಿದ್ರು. ಹಳ್ಳ ಬರತೈತಿ. ಅದು ಬರೋದ್ರಾಗ ದಾಟಿಬಿಡಬೇಕು. ಹತ್ರಿ, ಹತ್ರಿ!"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬಿಸಿಲಿದ್ದರೂ ಮೇಲಿನ ಸೀಮೆಯಲ್ಲಿ ಬಿದ್ದ ಮಳೆ ತಡವಾಗಿ ಇಲ್ಲಿಗೆ ಇಳಿಯುತ್ತದೆ. ಒಣಗಿದ ಹಳ್ಳ ನೋಡನೋಡುತ್ತ ತುಂಬುತ್ತದೆ. ಆ ಮಾತು ನನ್ನ ಕಿವಿಗೂ ಬಿತ್ತು. ಕೇಳಿಸಲಿಲ್ಲ ಎಂದು ಇವತ್ತಿಗೂ ಹೇಳಲಾರೆ.

ಆಗ ಮರಿಯವ್ವ ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. "ಅಕ್ಕಾರ, ಒಂದ ಮಾತ ಪ್ರಾರ್ಥನಿ ಮಾಡ್ರಿ. ಹೋಗಿಬಿಡತೀವಿ" ಎಂದಳು.

ಒಂದು ಮಾತು. ಅವಳು ಕೇಳಿದ್ದು ಅಷ್ಟೇ.

ನಾನು ಟ್ರೇಲರಿನ ಪಕ್ಕಕ್ಕೆ ಹೋಗಿ ನಿಂತೆ. ಹೆಂಗಸರೆಲ್ಲ ಸುತ್ತ ನೆರೆದು ಸೆರಗು ತಲೆಗೆ ಹೊದ್ದರು. ಇಂಜಿನ್ನು ಗಡಗಡ ಎನ್ನುತ್ತಿತ್ತು. ನಾನು ಕೈ ಜೋಡಿಸಿದ್ದನ್ನು ನೋಡಿ ಮಾಬೂಸಾಬರು ಏನು ಮಾಡಿದರು ಗೊತ್ತೆ? ದೇವರ ಹೆಸರು ಹೇಳುವ ಹೊತ್ತಿನಲ್ಲಿ ತಮ್ಮ ಗಾಡಿ ಗದ್ದಲ ಮಾಡಬಾರದೆಂದು ಇಂಜಿನ್ನು ಬಂದ್ ಮಾಡಿದರು. ಕೆಳಗಿಳಿದು, ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹಾಕಿಕೊಂಡು, ತಲೆ ಬಾಗಿಸಿ ನಿಂತರು. ಊರಿಗೆ ಊರೇ ಸುಮ್ಮನಾದಂತಾಯಿತು. ಎದುರಿಗೆ ದೊಡ್ಡಮ್ಮನವರು ಕಣ್ಣು ಮುಚ್ಚಿ ನಿಂತಿದ್ದರು.

ಅಂಥ ನಿಶ್ಶಬ್ದ ನನಗೆ ಯಾವ ಕೂಟದಲ್ಲೂ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಹೇಳಿಕೊಂಡದ್ದೆಲ್ಲ ನಾಲಿಗೆಯ ತುದಿಗೆ ಬಂದು ಕೂತಿತು.

ನಾನು ಆಕಾಶವನ್ನು ಹರಡಿದವನಿಂದ ಶುರು ಮಾಡಿದೆ. ಬೆಟ್ಟಗಳಿಗೆ ಬುನಾದಿ ಹಾಕಿದವನೇ ಎಂದೆ. ಗುಬ್ಬಿಗೆ ಗೂಡು ತೋರಿಸಿದವನೇ ಎಂದೆ. ಹಿಂದಿನ ಕಾಲದ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ನೆನೆದೆ, ಬಂಜೆಯಾಗಿದ್ದವಳನ್ನು, ಮುಪ್ಪಿನಲ್ಲಿ ಹೆತ್ತವಳನ್ನು, ದನದ ಕೊಟ್ಟಿಗೆಯಲ್ಲಿ ಹೆತ್ತವಳನ್ನು. ಧಾರವಾಡದಿಂದ ದೂರದ ಹಾದಿ ಸವೆಸಿ ಬಂದ ನಿನ್ನ ದಾಸಿಗಾಗಿ ಸ್ತೋತ್ರ ಎಂದು ದೊಡ್ಡಮ್ಮನವರನ್ನೂ ಸೇರಿಸಿದೆ. ಎಸ್ತರಳ ಹೆಸರಿಗೆ ನಾನಿನ್ನೂ ಬಂದೇ ಇರಲಿಲ್ಲ.

ನಡುವೆ ಎಸ್ತರ ನರಳಿದಳು. ಅದನ್ನು ನಾನು ಬಿಕ್ಕು ಎಂದುಕೊಂಡೆ. ನನ್ನ ಮಾತಿಗೆ ಹುಡುಗಿಯ ಎದೆ ಕರಗಿತು ಎಂದುಕೊಂಡು ದನಿಯನ್ನು, ಮೊದಲೇ ಗುರುತು ಹಾಕಿಕೊಂಡಂತೆ, ಸಣ್ಣದು ಮಾಡಿದೆ. ಮಾಬೂಸಾಬರು ಕೆಮ್ಮಿದರು. ಸೂಲಗಿತ್ತಿ ಅಜ್ಜಿ "ಹೂಂ, ಹೂಂ" ಎಂದಳು. ಮರಿಯವ್ವ ಗಟ್ಟಿಯಾಗಿ "ಆಮೆನ್" ಎಂದಳು. ನಮ್ಮ ಹೆಂಗಸರು ಪ್ರಾರ್ಥನೆ ಮನಸ್ಸಿಗೆ ನಾಟಿದಾಗ ನಡುನಡುವೆ ಹಾಗೆ ಅನ್ನುವುದುಂಟು. ನನಗೆ ಹುರುಪು ಬಂದು ಇನ್ನೂ ಮುಂದುವರಿದೆ. ಅವಳು ಇನ್ನೊಮ್ಮೆ, ಮತ್ತೂ ಗಟ್ಟಿಯಾಗಿ, "ಆಮೆನ್" ಎಂದಳು. ನಾನು ದನಿ ಏರಿಸಿದೆ.

ಕಣ್ಣು ಪೂರ್ತಿ ಮುಚ್ಚದ ನಾನು ಆ ಹೊತ್ತಿನಲ್ಲಿ ನೋಡಿದ್ದು ಯಾರ ಮುಖ? ಎಸ್ತರಳದ್ದಲ್ಲ. ದೊಡ್ಡಮ್ಮನವರದ್ದು.

ಕೊನೆಗೆ ಮುಗಿಸಿದೆ. ಎಷ್ಟು ಹೊತ್ತಾಯಿತೋ ಯಾರೂ ಗಡಿಯಾರ ನೋಡಿರಲಿಲ್ಲ. ಶುರು ಮಾಡಿದಾಗ ನನ್ನ ಕಾಲ ಹತ್ತಿರ ಇದ್ದ ಟ್ರೇಲರಿನ ನೆರಳು ಮುಗಿಸಿದಾಗ ಜರುಗಿತ್ತು, ಅದಷ್ಟು ಗೊತ್ತು. ಮಾಬೂಸಾಬರು ಟವೆಲ್ ಕೊಡವಿ ಹಾರಿ ಮೇಲೆ ಕೂತು ಕೀಲಿ ತಿರುವಿದರು. ಇಂಜಿನ್ನು ಒಂದು ಸಲ ಕೊರ್ರ್ ಎಂದು ಸುಮ್ಮನಾಯಿತು. ಮತ್ತೆ ತಿರುವಿದರು. ಮತ್ತೆ ಸುಮ್ಮನೆ.

"ಬ್ಯಾಟ್ರಿ ಹಳೇದ್ರಿ. ಈಗ ಹೊಲದಾಗ ಇಳಿಜಾರ ಮ್ಯಾಲೆ ನೂಕಿ ಚಾಲೂ ಮಾಡಿ ತಂದಿದ್ದೆ" ಎಂದರು. ಅವರ ದನಿಯಲ್ಲಿ ನಗು ಇರಲಿಲ್ಲ. ನೂಕಿ ಚಾಲೂ ಮಾಡಿದ ಗಾಡಿಯನ್ನು ಅವರು ಬಂದ್ ಮಾಡಿದ್ದು ನನ್ನ ಒಂದು ಮಾತಿನ ಪ್ರಾರ್ಥನೆಗಾಗಿ. ಒಂದೇ ಮಾತಾಗಿದ್ದರೆ ಇಂಜಿನ್ನು ಬಿಸಿಯಿರುವಾಗಲೇ ಹತ್ತಿಕೊಳ್ಳುತ್ತಿತ್ತೇನೋ. ಅಥವಾ ಇಲ್ಲವೇನೋ. ಅದನ್ನು ನಾನು ಇಷ್ಟು ವರ್ಷ ಲೆಕ್ಕ ಹಾಕಿದ್ದೇನೆ, ಉತ್ತರ ಸಿಕ್ಕಿಲ್ಲ.

ಟ್ರೇಲರು ಬಿಚ್ಚಿದೆವು. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಹೆಂಗಸರೇ ಸೀರೆ ಕಚ್ಚೆ ಹಾಕಿ ನೂಕಿದೆವು. ದೊಡ್ಡಮ್ಮನವರೂ ಚಪ್ಪಲಿ ಬಿಟ್ಟು ಬಂದು ಕೈ ಹಚ್ಚಿದರು. ಮೊನ್ನೆಯ ಮಳೆಗೆ ನೆನೆದಿದ್ದ ಎರೆ ಮಣ್ಣು ಪಾದಕ್ಕೆ ರೊಟ್ಟಿಯಂತೆ ಮೆತ್ತಿಕೊಂಡು ಕಾಲೆತ್ತಲು ಬಿಡುತ್ತಿರಲಿಲ್ಲ. ಓಣಿ ತಿರುವಿನ ಇಳಿಜಾರಿಗೆ ಮುಟ್ಟಿದ ಮೇಲೆ ಇಂಜಿನ್ನು ಹತ್ತಿಕೊಂಡಿತು. ಮಾಬೂಸಾಬರು ತಿರುಗಿಸಿಕೊಂಡು ಬಂದು ಟ್ರೇಲರು ಕೂಡಿಸಿದರು. ಮರಿಯವ್ವ, ಸೂಲಗಿತ್ತಿ ಅಜ್ಜಿ, ದೊಡ್ಡಮ್ಮನವರು, ನಾನು ಹತ್ತಿ ಕೂತೆವು. ಎಸ್ತರ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಉಗುರು ಒಳಗಿಳಿದರೂ ಕೈ ಬಿಡಿಸಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಹಳ್ಳ ಕಾಣುವ ಮೊದಲೇ ಅದರ ಸದ್ದು ಕೇಳಿತು. ನಾವು ಬೆಳಿಗ್ಗೆ ಕಲ್ಲಿನ ಮೇಲೆ ದಾಟಿದ ಜಾಗದಲ್ಲಿ ಕೆಂಪು ನೀರು ದಂಡೆಯಿಂದ ದಂಡೆಗೆ ಹರಿಯುತ್ತಿತ್ತು. ಜಾಲಿ ಮುಳ್ಳಿನ ಕಂಟಿಯೊಂದು ತಿರುತಿರುಗಿ ಹೋಯಿತು. ದಂಡೆಯ ಮೇಲೆ ಕುರಿ ತರುಬಿಕೊಂಡು ಒಬ್ಬ ಕುರುಬ ನಿಂತಿದ್ದ.

"ಈಗ ಬಂತ ನೋಡ್ರಿ" ಎಂದ ಅವನು. "ನನ್ನ ಹಿಂದಿನ ಕುರಿ ಆಚಿ ದಂಡಿಗಿ ಅದಾವ, ಮುಂದಿನವು ಈಚಿ ದಂಡಿಗಿ ಅದಾವ. ಜರಾ ಮೊದಲ ಬಂದಿದ್ರ ದಾಟತಿದ್ರಿ. ಬಸುರಿ ಹೆಣಮಗಳನ್ನ ಕಟಗೊಂಡು ಎಲ್ಲಿ ತಡಾ ಮಾಡಿದ್ರಿ?"

ಅವನು ನೋಡಿದ್ದು ನಮ್ಮೆಲ್ಲರನ್ನೂ. ಉತ್ತರ ಇದ್ದದ್ದು ನನ್ನೊಬ್ಬಳಲ್ಲಿ.

ಮರಿಯವ್ವ ನನ್ನ ಕಡೆ ನೋಡದೆ ಹೇಳಿದಳು. "ಗಾಡಿ ಚಾಲೂ ಆಗಲಿಲ್ಲೋ ಯಪ್ಪಾ."

"ಹೌದೋ, ನನ್ನ ಗಾಡೀದ ತಪ್ಪು. ಬ್ಯಾಟ್ರಿ ಹೊಸಾದು ಹಾಕಸ್ಬೇಕಿತ್ತು, ಹಾಕಸಲಿಲ್ಲ" ಎಂದರು ಮಾಬೂಸಾಬರು.

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ತನ್ನ ಮಗಳು ಕಣ್ಣೆದುರಿಗೆ ಒದ್ದಾಡುತ್ತಿರುವಾಗ ಆ ತಾಯಿ ನನ್ನ ಮಾನ ಮುಚ್ಚಿದಳು. ನಾನು ಏನೂ ಹೇಳದೆ ಆ ಮುಚ್ಚಳದ ಕೆಳಗೆ ಕೂತೆ.

ಮುಂದೆ ನಡೆದದ್ದು ನಡೆಯಿತು. ಹಳ್ಳದ ದಂಡೆಯ ಮೇಲೆ, ಟ್ರೇಲರಿನಲ್ಲೇ ಹೆರಿಗೆ. ಮಾಬೂಸಾಬರೂ ಕುರುಬನೂ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ಕುರುಬ ತನ್ನ ಕಂಬಳಿ ಕೊಟ್ಟುಹೋಗಿದ್ದ, ಅದನ್ನು ದೊಡ್ಡಮ್ಮನವರು ಒಂದು ಕಡೆಯಿಂದ ಮರೆ ಹಿಡಿದರು. ನಾನು ಎಸ್ತರಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. "ಅಕ್ಕಾರ, ಅಕ್ಕಾರ" ಎನ್ನುತ್ತಿದ್ದಳು ಹುಡುಗಿ. ನನಗೆ ಒಂದು ಪ್ರಾರ್ಥನೆಯೂ ಬರಲಿಲ್ಲ. ಆಕಾಶ, ಬೆಟ್ಟ, ಗುಬ್ಬಿ ಯಾವುದೂ ಬರಲಿಲ್ಲ. "ಯಪ್ಪಾ, ಯಪ್ಪಾ" ಎಂದಷ್ಟೇ ಬಾಯಿಗೆ ಬರುತ್ತಿತ್ತು.

ಕಾಲುಗಳು ಬಂದವು, ಮೈ ಬಂತು, ತೋಳು ಸಿಕ್ಕಿಕೊಂಡಿತು. ಅಜ್ಜಿ "ಯವ್ವಾ, ಕ್ಷಮಿಸ ಕೂಸ" ಎಂದು ಎಳೆದಳು. ಹುಟ್ಟಿದ್ದು ಹೆಣ್ಣು. ಮೊದಲು ಅಳಲಿಲ್ಲ. ಅಜ್ಜಿ ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದಳು, ಬಾಯಲ್ಲಿ ಬೆರಳು ಹಾಕಿ ತೆಗೆದಳು, ಊದಿದಳು. ಮರಿಯವ್ವ ಎರಡೂ ಕೈಯಿಂದ ಟ್ರೇಲರಿನ ಅಂಚು ಹಿಡಿದು ನಿಂತಿದ್ದಳು. ಆಮೇಲೆ ಬೆಕ್ಕಿನ ಮರಿ ಕೂಗಿದಂತೆ ಒಂದು ಸದ್ದು ಬಂತು. ದೂರದಿಂದ ಮಾಬೂಸಾಬರು, "ಅತ್ತಿತೇನ್ರೀ? ಅತ್ತಿತೇನ್ರೀ?" ಎಂದು ತಿರುಗದೆ ಕೂಗಿದರು. "ಅತ್ತಿತು" ಎಂದು ಮೂರು ಜನ ಒಟ್ಟಿಗೆ ಕೂಗಿದರು. ಆ ಮೂವರಲ್ಲಿ ನಾನಿರಲಿಲ್ಲ. ನಾನು ಎಸ್ತರಳ ಹಣೆಯ ಬೆವರು ಒರೆಸುತ್ತಿದ್ದೆ.

ಸಂಜೆಯ ಹೊತ್ತಿಗೆ ನೀರು ಇಳಿಯಿತು. ತಾಯಿ ಮಗುವನ್ನು ರೋಣದ ದವಾಖಾನೆಗೆ ಸೇರಿಸಿದೆವು. ಎಸ್ತರಳಿಗೆ ರಕ್ತ ಬಹಳ ಹೋಗಿತ್ತು, ಆದರೂ ಉಳಿದಳು. ಮಗುವನ್ನು ನೋಡಿದ ಡಾಕ್ಟರು ಬಲಗೈಯನ್ನು ಎತ್ತಿ ಬಿಟ್ಟರು. ಅದು ಚಿಂದಿಯಂತೆ ಕೆಳಗೆ ಬಿತ್ತು. ಹೆರುವಾಗ ನರ ಎಳೆದಿದೆ, ಮಾಲೀಷು ಮಾಡುತ್ತ ಬನ್ನಿ, ಸುಧಾರಿಸಬಹುದು ಎಂದರು. ಬೇಗ ಬಂದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. "ಹಂಗ ಹೇಳಾಕ ಬರೂದಿಲ್ರಿ. ಇಲ್ಲಿ ಆಗಿದ್ರೂ ಆಗಬಹುದಿತ್ತು" ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಮಾತಿನಲ್ಲಿ ನನಗೆ ಆಸರೆ ಸಿಗಲಿಲ್ಲ.

ದವಾಖಾನೆಯ ಕಟ್ಟೆಯ ಮೇಲೆ ಮರಿಯವ್ವ ಒಬ್ಬಳೇ ಕೂತಾಗ ಹೋಗಿ ಪಕ್ಕದಲ್ಲಿ ಕೂತೆ. "ಮರಿಯವ್ವ, ನಾ ತಡಾ ಮಾಡಿದೆ" ಎಂದೆ.

ಅವಳು ಸೆರಗಿನ ತುದಿ ಸುರುಳಿ ಸುತ್ತುತ್ತ, "ನೀವು ಕೆಟ್ಟದ್ದ ಮಾಡಿದ್ರೇನ್ರೀ ಅಕ್ಕಾರ? ದೇವರ ಹೆಸರ ತಗೊಂಡ್ರಿ" ಎಂದಳು. ಸುತ್ತಿದ ಸುರುಳಿಯನ್ನು ಬಿಚ್ಚಿದಳು. ಆಮೇಲೆ, "ನಾ ಎರಡ ಸಲ ಆಮೆನ್ ಅಂದೆ. ಮೂರನೇ ಸಲ ನಿಮ್ಮ ರಟ್ಟಿ ಹಿಡದು ಜಗ್ಗಬೇಕಂದೆ. ದೊಡ್ಡವ್ರ ಮುಂದ ಹೆಂಗ ಜಗ್ಗಲಿ ಅಂತ ಬಿಟ್ಟೆ. ಅದು ನನ್ನ ತಪ್ಪು" ಎಂದಳು.

ಅಷ್ಟೂ ಅವಳೇ ಹೊತ್ತುಕೊಂಡಳು. ನನಗೆ ಹೊರಲು ಏನೂ ಬಿಡಲಿಲ್ಲ. ಅದಕ್ಕೇ ಅದು ಇಷ್ಟು ಭಾರವಾಗಿದೆ.

ಇದಾದ ಕೆಲವು ದಿನಕ್ಕೆ ನಮ್ಮ ಸಭೆಯ ಪಾದ್ರಿ ಅಯ್ಯನವರ ಕೈಯಲ್ಲಿ ದೊಡ್ಡಮ್ಮನವರಿಂದ ಹೇಳಿಕೆ ಬಂತು. ಗದಗಿನ ಸಮಾವೇಶದಲ್ಲಿ ಆರಂಭದ ಪ್ರಾರ್ಥನೆ ನಾನು ಮಾಡಬೇಕಂತೆ. ಅವರು ಅದನ್ನು ಏಕೆ ಹೇಳಿಕಳಿಸಿದರೋ. ಆ ದಿನದ ಪ್ರಾರ್ಥನೆ ಮೆಚ್ಚಿಯೋ, ನನ್ನ ಮುಖ ನೋಡಿ ಕನಿಕರಪಟ್ಟೋ ತಿಳಿಯದು. ನಾನು ಆಗುವುದಿಲ್ಲ ಎಂದೆ. ಅಯ್ಯನವರು ಕಾರಣ ಕೇಳಿದರು, "ನಾನು ಅಷ್ಟಕ್ಕೆ ಯೋಗ್ಯಳಲ್ಲ" ಎಂದೆ. ಮುಂದಿನ ಭಾನುವಾರ ಅವರು ಸಭೆಯ ಮುಂದೆ ಅದನ್ನೇ ಹೇಳಿಬಿಟ್ಟರು. ನಮ್ಮ ಅಕ್ಕಾರ ಎಂಥ ದೀನತೆ ತೋರಿಸಿದ್ದಾರೆ ನೋಡಿ, ಕರೆದರೂ ವೇದಿಕೆ ಬೇಡವೆಂದರು ಎಂದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಹಾಗೆ ತಗ್ಗಿಸುವಾಗ ಒಳಗೆಲ್ಲೋ ಒಂದು ತಂಪು ಸುಳಿಯಿತು. ಅದೇ ಹಳೆಯ ತಂಪು, ಬಸ್ಸಿನ ಕಿಟಕಿಯ ಹತ್ತಿರ ಸುಳಿದದ್ದು. ಟ್ರೇಲರಿನ ಪಕ್ಕದಲ್ಲಿ ಕಣ್ಣು ಅರೆಮುಚ್ಚಿ ನಿಂತಾಗ ಸುಳಿದದ್ದು. ಮುಂದಿನ ಬಾಗಿಲಿನಿಂದ ಹೊರಗೆ ಹಾಕಿದ್ದ ಹೆಮ್ಮೆ ಸೆರಗು ಹೊದ್ದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು. ಆ ದಿನ ನನಗಾದ ನಾಚಿಕೆ ಹಳ್ಳದ ದಂಡೆಯ ನಾಚಿಕೆಗಿಂತ ಹೆಚ್ಚಿನದು. ಅಲ್ಲಿ ನನಗೆ ತಿಳಿಯದೆ ಆಗಿತ್ತು ಎಂದಾದರೂ ಹೇಳಬಹುದಿತ್ತು.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಚೇಷ್ಟೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. "ನಿಮ್ಮಜ್ಜಿ ಬಗ್ಗೆ ನೀನ ಹೇಳತಿದ್ದೆಲ್ಲ, ಯಾರ ಮನಿಗಿ ಹೋದ್ರೂ ಮೊದಲ ಏನ ಮಾಡತಿದ್ಲು ಅಂತ?" ಎಂದು ಕೇಳಿದರಷ್ಟೇ.

ಮೊದಲು ಅಜ್ಜಿ ಚೀಲ ಕೆಳಗಿಡುತ್ತಿದ್ದಳು. ಆ ಮನೆಯ ಅಳುವ ಕೂಸನ್ನು ಎತ್ತಿಕೊಳ್ಳುತ್ತಿದ್ದಳು, ಇಲ್ಲವೇ ಒಲೆ ಊದುತ್ತಿದ್ದಳು, ಇಲ್ಲವೇ ಬೀಸುವ ಕಲ್ಲಿನ ಇನ್ನೊಂದು ಬದಿಗೆ ಕೂತು ಗೂಟಕ್ಕೆ ಕೈ ಹಾಕುತ್ತಿದ್ದಳು. ಆ ಕೆಲಸ ಮುಗಿದ ಮೇಲೆಯೇ ಪ್ರಾರ್ಥನೆ. ನಾನು ಅವಳಿಂದ ಮಾತು ಮಾತ್ರ ಎತ್ತಿಕೊಂಡೆ. ಮಾತಿನ ಮುಂಚಿನದ್ದನ್ನು ಅಲ್ಲೇ ಬಿಟ್ಟುಬಂದಿದ್ದೆ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮರಿಯವ್ವ ಮತ್ತೆ ನನ್ನನ್ನೇ ಕರೆದಳು. ಹೋಗದಿರಲು ಎಷ್ಟೋ ನೆಪ ಹುಡುಕಿದೆ. ಆಮೇಲೆ ಹೋದೆ. ಮಗುವಿಗೆ ಕೃಪಾ ಎಂದು ಹೆಸರಿಟ್ಟರು. "ಅಕ್ಕಾರ, ನೀವ ಪ್ರಾರ್ಥನಿ ಮಾಡಬೇಕು" ಎಂದಳು ಮರಿಯವ್ವ. ಹೆಂಗಸರು ತಲೆಗೆ ಸೆರಗು ಹೊದ್ದು, ಗೋಡೆಗೆ ಒರಗಿ, ಇದು ಹೊತ್ತು ಹಿಡಿಯುವ ಕೆಲಸ ಎಂಬಂತೆ ಕಾಲು ಚಾಚಿ ಅನುವಾದರು. ಮಾಬೂಸಾಬರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

ನಾನು ತೊಟ್ಟಿಲಿನ ಹಗ್ಗ ಹಿಡಿದು ನಿಂತೆ. ಒಳಗೆ ಕೂಸು ಎಡಗೈ ಆಡಿಸುತ್ತಿತ್ತು. ಬಲಗೈ ಬಟ್ಟೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವತ್ತು ಕಣ್ಣು ಪೂರ್ತಿ ಮುಚ್ಚಿದೆ.

"ಯಪ್ಪಾ, ನನ್ನ ಕ್ಷಮಿಸು. ಈ ಕೂಸಿನ್ನ ಜ್ವಾಕಿಲೆ ನೋಡ್ಕೊ" ಎಂದೆ.

ನನ್ನ ಆಯುಷ್ಯದಲ್ಲಿ ನಮ್ಮ ಮನೆಮಾತಿನಲ್ಲಿ ನಾನು ಮಂದಿಯ ಮುಂದೆ ಮಾಡಿದ ಮೊದಲ ಪ್ರಾರ್ಥನೆ ಅದು. ಅದಕ್ಕಿಂತ ಹೆಚ್ಚು ಬರಲಿಲ್ಲ. ಹೆಂಗಸರು ಕಣ್ಣು ಮುಚ್ಚಿಕೊಂಡೇ ಕಾದರು. ಅಕ್ಕಾರ ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಇನ್ನು ಆಕಾಶ ಭೂಮಿ ಬರುತ್ತವೆ ಎಂದುಕೊಂಡಿರಬೇಕು. ಯಾರೂ ಆಮೆನ್ ಅನ್ನಲಿಲ್ಲ. ತೊಟ್ಟಿಲ ಹಗ್ಗ ಮಾತ್ರ ಕಿರ್ರ್ ಎನ್ನುತ್ತಿತ್ತು.

ಆಗ ಹೊರಗಿನ ಕಟ್ಟೆಯಿಂದ ಮಾಬೂಸಾಬರ ದನಿ ಕೇಳಿತು. "ಆಮೀನ್." ತುಸು ತಡೆದು, "ಮುಗೀತಿಲ್ರೀ ಅಕ್ಕಾರ?" ಎಂದರು.

"ಮುಗೀತ್ರಿ" ಎಂದೆ. ಮರಿಯವ್ವ ಮೊದಲು ನಕ್ಕಳು, ಆಮೇಲೆ ಅತ್ತಳು.

ಕೃಪಾ ಈಗ ದೊಡ್ಡವಳಾಗಿದ್ದಾಳೆ. ಮಾಲೀಷಿನಿಂದ ಕೈಗೆ ಬಲ ಬಂದಿದೆ, ಬರೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಭುಜದ ಮೇಲಕ್ಕೆ ಮಾತ್ರ ಏಳುವುದಿಲ್ಲ. ತನ್ನ ಜಡೆ ತಾನು ಹಾಕಿಕೊಳ್ಳಲು ಆ ಕೈ ತಲೆಯ ಹಿಂದಕ್ಕೆ ಹೋಗುವುದಿಲ್ಲ. ಊರಿನಿಂದ ಅವಳ ಅಜ್ಜಿ ಮರಿಯವ್ವ ಹೆಣೆದು ಕಳಿಸಿದ ಜಡೆ ಬಸ್ಸಿನ ಗಾಳಿಗೆ ಬಿಚ್ಚಿರುತ್ತದೆ. ಭಾನುವಾರ ಆರಾಧನೆಗೆ ಮುಂಚೆ ನೇರ ನನ್ನ ಹತ್ತಿರ ಬಂದು ಬೆನ್ನು ಮಾಡಿ ಕೂಡುತ್ತಾಳೆ. "ಅಕ್ಕಾರ, ಲಗೂ ಹಾಕ್ರಿ, ಗಂಟಿ ಹೊಡಿಯೋದ್ರಾಗ" ಎನ್ನುತ್ತಾಳೆ. ಆ ದಿನ ಏನಾಯಿತೆಂದು ಅವಳಿಗೆ ಯಾರೂ ಹೇಳಿಲ್ಲ. ನಾನೇ ಹೇಳಬೇಕು. ಈ ಬರಹ ಅವಳ ಕೈಗೆ ಸಿಗಲಿ ಎಂಬುದೂ ಒಂದು ಆಸೆ.

ನಾನು ಅವಳ ಕೂದಲು ಬಾಚಿ ಮೂರು ಎಳೆ ಮಾಡಿ ಹೆಣೆಯುತ್ತೇನೆ. ರಿಬ್ಬನ್ ಕಟ್ಟುವುದರೊಳಗೆ ನನ್ನ ಪ್ರಾರ್ಥನೆ ಮುಗಿದಿರುತ್ತದೆ.